ಒಂದೇ ಸಲ ಕೇಳುವ ಲಿನಕ್ಸ್

ಮಾನ್ವಿಯ ನಮ್ಮ ಶರಣಪ್ಪ ಕಾಕಾ ಮೊದಲನೇ ಮಾತಿಗೆ ಯಾರ ಮನೆಯ ಚಹಾವನ್ನೂ ಕುಡಿದವರಲ್ಲ. "ಬ್ಯಾಡ್ರಿ, ಈಗ ಕುಡದು ಬಂದೀನಿ" ಎನ್ನಬೇಕು. ಮನೆಯವರು "ಅರ್ಧಾ ಕಪ್ಪರ ಕುಡೀರಿ" ಎನ್ನಬೇಕು. ಇವರು ಮತ್ತೆ ಬ್ಯಾಡ ಎನ್ನಬೇಕು. ಆಮೇಲೆ "ನಿಮ್ಮ ಒತ್ತಾಯಕ್ಕ" ಎಂದು ಎರಡು ಕಪ್ ಕುಡಿಯುತ್ತಾರೆ. (ನಗಬೇಡಿ. ರಾಯಚೂರು ಕಡೆ ನಾವೆಲ್ಲ ಹೀಗೇ.)

ಕಳೆದ ವಾರ ಅವರ ಅಕ್ಕಿ ಗಿರಣಿಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡಲು ಹೋಗಿದ್ದೆ. ಆ ಕಂಪ್ಯೂಟರ್ ಆನ್ ಆಗುವಷ್ಟರಲ್ಲಿ ಒಂದು ಲಾರಿ ಲೋಡ್ ಆಗುತ್ತಿತ್ತು, ಅಷ್ಟು ಮುದಿ.

ಕೀಬೋರ್ಡಿನ ಮುಂದೆ ಕಾಕಾನ ಮಗಳು ಶಿವಲೀಲಾ. ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಾಳೆ. ಅವತ್ತು ಮುಖ ಊದಿಸಿಕೊಂಡಿದ್ದಳು. ದೇವದುರ್ಗದ ಗಂಡಿನ ಕಡೆಯವರು ಭಾನುವಾರ ಮಾತು ಪಕ್ಕಾ ಮಾಡಲು ಬರುವವರಿದ್ದರು. "ನನಗ ಆ ಹುಡುಗ ಬ್ಯಾಡ" ಎಂದು ಇವಳು ಮನೆತುಂಬ ಹೇಳಿದ್ದಳು. "ಹುಡುಗಿ ನಾಚಾಕತ್ತಾಳ" ಎಂದು ಕಾಕಾ ಪೇಡೆಗೆ ಆರ್ಡರ್ ಕೊಟ್ಟು ಬಂದಿದ್ದರು.

ಲಿನಕ್ಸ್ ಹಾಕುವ ಇನ್‌ಸ್ಟಾಲರ್ ಇಂಗ್ಲಿಷಿನಲ್ಲಿ ಕೇಳಿತು. ನಾನು ಕನ್ನಡದಲ್ಲಿ ಹೇಳಿದೆ.

"ಕಾಕಾ, ಹಳೇ ಫೈಲ್ ಇಟ್ಕೋಬೇಕೇನ್ರಿ?"

"ಅಯ್ಯ, ಬ್ಯಾಡ ಬಿಡೋ ತಮ್ಮಾ. ಸುಮ್ನ ಯಾಕ ತ್ರಾಸ?"

'ಡಿಸ್ಕ್ ಪೂರ್ತಿ ಅಳಿಸು' ಎಂಬುದಕ್ಕೆ ಮೊದಲೇ ಗುರುತು ಬಿದ್ದಿತ್ತು. ಅದೇ ಡಿಫಾಲ್ಟ್, ನಾವು ಬದಲಿಸದಿದ್ದರೆ ಆಗುವುದು ಅದೇ! ಶಿವಲೀಲಾ ಎಂಟರ್ ಒತ್ತಿಯೇಬಿಟ್ಟಳು.

ಕಾಕಾ ತಾವೇ ಹಾಡಿ ವರ್ಷಗಟ್ಟಲೆ ಕೂಡಿಟ್ಟಿದ್ದ ತತ್ವಪದಗಳ ರೆಕಾರ್ಡಿಂಗ್ ಅಷ್ಟೂ ಗಾಯಬ್. (ಹಮಾಲರು ಆ ಕಡೆ ತಿರುಗಿ ನಕ್ಕರು. ದಿನಾ ಕೇಳಿದವರು ಅವರೇ ತಾನೇ?)

"ಬ್ಯಾಡ ಅಂದ್ರ ಅಳಿಸಿಬಿಡೂದೇನಲೇ? ಇನ್ನೊಮ್ಮಿ ಕೇಳಾಕ ಏನಾಗಿತ್ತು ಅದಕ್ಕ? ಮರ್ಯಾದಿ ಇಲ್ಲದ ಸಾಫ್ಟ್‌ವೇರ್!" ಎಂದು ಕಾಕಾ ಸಿಡಿದರು.

ಗಿರಣಿಯಲ್ಲೇ ಪಂಚಾಯ್ತಿ ಕೂಡಿತು. ಕಲ್ಲೂರಿನಿಂದ ಭತ್ತ ತಂದಿದ್ದ ಗೌಡರೊಬ್ಬರು, "ಇಟ್ಕೋ ಅಂಬೂದ ಡಿಫಾಲ್ಟ್ ಇರಬೇಕ್ರಿ" ಎಂದರು. ಸರಿಯಾದ ಮಾತು. ಅಳಿಸುವುದನ್ನು ಯಾರಾದರೂ ಡಿಫಾಲ್ಟ್ ಇಡುತ್ತಾರೆಯೇ? ಕಾಕಾಗೆ ಅಷ್ಟು ಸಾಲಲಿಲ್ಲ. ಇನ್‌ಸ್ಟಾಲರ್ ಮೂರು ಸಲ ಕೇಳಬೇಕಂತೆ. ಮೂರನೇ ಸಲ ಕೈ ಹಿಡಿದು ಕೇಳಬೇಕಂತೆ.

"ಅದಕ್ಕ ಕೈ ಎಲ್ಲಿಂದ ಬರ್ತಾವ್ರಿ?" ಎಂದೆ.

"ಅದು ಮಾಡಿದವರ ತಲಿನೋವು. ನೀ ಬರಿ ಅವರಿಗೆ!"

ಲಿನಕ್ಸ್ ಮಾಡಿದವರ ಫೋರಮ್ಮಿಗೆ ದೂರು ಟೈಪ್ ಮಾಡಲು ಮೊಬೈಲ್ ತೆಗೆದೆ. ಒಲ್ಲೆ ಒಲ್ಲೆ ಅಂದರೂ ಬಡಿಸುವುದನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯುವುದು, ನೀವೇ ಹೇಳಿ?

ಅಷ್ಟರಲ್ಲಿ ಶಿವಲೀಲಾ ಎದ್ದು ನಿಂತಳು.

"ಅಣ್ಣಾ, ದೂರು ಬರೀಬ್ಯಾಡ. ಯಪ್ಪಾ, ನಾ ಯಾವಾಗಿಂದ ಬ್ಯಾಡ ಬ್ಯಾಡ ಅನ್ನಾಕತ್ತೀನಿ. ಯಾರರ ಕೇಳಿದ್ರೇನು? ಬ್ಯಾಡ ಅಂದ್ರ ಬ್ಯಾಡ ಅಂತ ತಿಳಕೊಂಡದ್ದು ಈ ಡಬ್ಬಿ ಒಂದ."

ನನಗೆ ನಾಚಿಕೆಯಾಯಿತು, ಪೇಡೆಯ ಆಸೆಗೆ ನಾನೂ ಸುಮ್ಮನಿದ್ದವನೇ. ಕಾಕಾ ಮಗಳ ಮುಖವನ್ನೇ ನೋಡಿದರು. ಟೋಪಿ ತೆಗೆದು ತಲೆ ಕೆರೆದುಕೊಂಡರು. ಕೊನೆಗೆ ದೇವದುರ್ಗಕ್ಕೆ ಫೋನ್ ಹಚ್ಚಿದರು, ಸ್ಪೀಕರ್ ಆನ್ ಮಾಡಿ.

"ಬೀಗರ... ಅಲ್ಲಲ್ಲ, ಸಾಹುಕಾರ್ರ, ಭಾನುವಾರ ನೀವು ಬರಬ್ಯಾಡ್ರಿ."

"ಏ, ನಮಗೇನು ತ್ರಾಸಿಲ್ಲ ಬಿಡ್ರಿ! ನೀವು ಬ್ಯಾಡ ಅಂದ್ರ ನಾವು ಬಿಡ್ತೀವೇನು? ಎರಡು ಗಾಡಿ ಮಾಡಿಕೊಂಡು ಬರಾಕತ್ತೀವಿ!"

ಈಗ ಹೇಳಿ, ಡಿಫಾಲ್ಟ್ ಬದಲಾಗಬೇಕಾದದ್ದು ಯಾರದು?