ತಿಥಿಯ ದಿನದ ಉಪ್ಪು

ನಮ್ಮ ಮನೆಯಲ್ಲಿ ಅಡಿಗೆಯ ರುಚಿ ನೋಡುವ ಕ್ರಮ ಇಲ್ಲ. ದೇವರಿಗೆ ನೈವೇದ್ಯ ಆಗುವ ಮೊದಲು ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟು ನೆಕ್ಕಿದರೂ ಅದು ಎಂಜಲು. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಕೈ ಅಭ್ಯಾಸಬಲದಿಂದ ಬಾಯಿಯ ಹತ್ತಿರ ಹೋದಾಗಲೆಲ್ಲ ಅತ್ತೆ ಒಂದು ಕೆಮ್ಮು ಕೆಮ್ಮುತ್ತಿದ್ದರು. ಅದಕ್ಕಿಂತ ನಾಲ್ಕು ಬೈದರೂ ವಾಸಿ ಅನಿಸುವಂಥ ಕೆಮ್ಮು. “ಹಾಗಾದರೆ ಉಪ್ಪು ಸರಿ ಉಂಟಾ ಇಲ್ಲವಾ ಅಂತ ಗೊತ್ತಾಗುವುದು ಹೇಗೆ?” ಎಂದು ಒಂದು ದಿನ ಕೇಳಿಯೇ ಬಿಟ್ಟೆ. “ಮೂಗು ಎಂತಕ್ಕೆ ಉಂಟು ನಿನಗೆ? ಉಪ್ಪು ಬಿದ್ದ ಹುಳಿ ಕುದಿಯುವಾಗ ಅದರ ಪರಿಮಳವೇ ಬೇರೆ” ಎಂದರು. ಅಂದಿನಿಂದ ಒಲೆಯ ಮುಂದೆ ಮೂಗು ಒಡ್ಡಿ ಎಷ್ಟು ನಿಂತಿದ್ದೇನೋ, ಆ ಬೇರೆ ಪರಿಮಳ ನನಗೆ ಮಾತ್ರ ಸಿಗಲಿಲ್ಲ. ಅತ್ತೆಗೆ ಸಿಗುತ್ತಿತ್ತು. ಅವರ ಅಡಿಗೆಯಲ್ಲಿ ಉಪ್ಪು ಹೆಚ್ಚುಕಡಿಮೆ ಆದದ್ದನ್ನು ಕಳೆದ ವರ್ಷದವರೆಗೆ ನಾನು ಕಂಡಿರಲಿಲ್ಲ.

ಇನ್ನೊಂದು ಕ್ರಮ ಮಾವ ಮಾಡಿಟ್ಟು ಹೋದದ್ದು. ಎಲೆಯ ಮುಂದೆ ಕೂತವರು ಅಡಿಗೆಗೆ ಹೆಸರಿಡಬಾರದು. ಸಪ್ಪೆಯಾದರೆ ಉಪ್ಪಿನಕಾಯಿ ಉಂಟು, ಖಾರವಾದರೆ ಮಜ್ಜಿಗೆ ಉಂಟು, ಮಾತು ಬೇಡ. ತಿಥಿಯ ದಿನವಂತೂ ಶಾಸ್ತ್ರವೇ ಹಾಗಂತೆ; ಉಣ್ಣುವವರು ಚೆನ್ನಾಗಿದೆ ಎನ್ನಬಾರದು, ಚೆನ್ನಾಗಿಲ್ಲ ಎಂದೂ ಎನ್ನಬಾರದು. ಮಾಡುವವರು ರುಚಿ ನೋಡುವುದಿಲ್ಲ, ಉಣ್ಣುವವರು ತುಟಿ ಬಿಚ್ಚುವುದಿಲ್ಲ. ಇಂಥ ಮನೆಯಲ್ಲಿ ಏನಾಗಬೇಕಿತ್ತೋ ಅದೇ ಆಯಿತು.

ಮಂಗಲ್ಪಾಡಿಯಲ್ಲಿ, ಹೈವೇಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಇರುವವರು ಅತ್ತೆ, ಶಾಲೆಯಲ್ಲಿ ಮಾಸ್ಟ್ರಾಗಿರುವ ನನ್ನ ಗಂಡ, ಮಗಳು ಮತ್ತು ನಾನು. ನಾನು ಅಂಗನವಾಡಿ ಟೀಚರ್. ತುಳು, ಮಲಯಾಳ, ಬ್ಯಾರಿ, ಕನ್ನಡ ಎಲ್ಲದರಲ್ಲೂ ಅಳುವ ಮಕ್ಕಳನ್ನು ದಿನವಿಡೀ ಸುಧಾರಿಸಿ ಬರುವವಳಿಗೆ ಸ್ವಲ್ಪ ಕೋಪ ಇರುವುದು ಸಹಜ ಎಂದು ನಾನು ಹೇಳಿಕೊಳ್ಳುತ್ತೇನೆ. ಕೋಪ ಆ ಕೆಲಸಕ್ಕಿಂತ ಹಳೆಯದು ಎಂದು ನನ್ನ ಗಂಡ ಹೇಳುತ್ತಾರೆ.

ಕಳೆದ ವರ್ಷ ಮಳೆಗಾಲದ ಕೊನೆಗೆ ಮನೆಮಂದಿಗೆಲ್ಲ ಜ್ವರ ಬಂತು. ನಾವು ಮೂವರು ನರಳಿ, ಕಷಾಯ ಕುಡಿದು ಎದ್ದೆವು. ಅತ್ತೆ ನಮ್ಮೆಲ್ಲರ ಚಾಕರಿ ಮುಗಿಸಿ ಕೊನೆಗೆ ಮಲಗಿದರು. ಎದ್ದ ಮೇಲೆ ಹೇಗಿದ್ದೀರಿ ಎಂದರೆ, “ಎಂತ ಇಲ್ಲ ಮಾರಾಯ್ತಿ, ಸ್ವಲ್ಪ ಸುಸ್ತು” ಎಂದು ಸೀದಾ ಅಡಿಗೆಮನೆಗೆ ಹೋದರು. ಅದಾಗಿ ಕಾರ್ತಿಕ ಮಾಸದಲ್ಲಿ ಮಾವನ ತಿಥಿ.

ಸರಿಯಾಗಿ ನೋಡಿದರೆ ತಿಥಿಯ ಅಡಿಗೆ ಸೊಸೆ ಮಾಡಬೇಕಾದದ್ದು. ಅತ್ತೆ ಬಿಟ್ಟುಕೊಟ್ಟವರಲ್ಲ. “ಅವರಿಗೆ ನನ್ನ ಕೈಯ ಅಡಿಗೆಯೇ ಆಗಬೇಕು. ನೀನು ಕಾಯಿ ತುರಿ” ಎನ್ನುತ್ತಿದ್ದರು. ಪುರೋಹಿತರು ಮೊದಲ ವರ್ಷ ಗೊಣಗಿ, ಆ ಊಟ ಉಂಡ ಮೇಲೆ ಗೊಣಗುವುದನ್ನು ಬಿಟ್ಟರು. ಕಾಯಿ ತುರಿಯುವವಳು ನಾನು, ಹೆಸರು ಅತ್ತೆಗೆ ಎಂದು ನನಗೆ ಒಳಗೊಳಗೆ ಸಿಟ್ಟೂ ಇತ್ತು, ಜವಾಬ್ದಾರಿ ತಪ್ಪಿತಲ್ಲ ಎಂಬ ಸಮಾಧಾನವೂ ಇತ್ತು.

ಆ ದಿನ ಬಾಳೆಕಾಯಿಯ ಹುಳಿ ಬಡಿಸಿದ್ದೇ ತಡ, ನನ್ನ ಗಂಡ ಮೊದಲ ತುತ್ತು ಬಾಯಿಗಿಟ್ಟು ತಲೆಯೆತ್ತಿ ಮನೆಯ ಮಾಡು ನೋಡಿದರು. ಪುರೋಹಿತರು ಕಣ್ಣು ಮುಚ್ಚಿದರು. ನಾನು ಭಕ್ತಿ ಎಂದುಕೊಂಡೆ. ಆಮೇಲೆ ಶುರುವಾಯಿತು ನೋಡಿ: “ಮಜ್ಜಿಗೆ ಬರಲಿ.” “ಇನ್ನೂ ಸ್ವಲ್ಪ ಮಜ್ಜಿಗೆ.” “ಇತ್ತ ಕೂಡ ಮಜ್ಜಿಗೆ.” ಪಾತ್ರೆ ತಳ ಕಂಡಿತು. ನಮ್ಮ ಪಂಕ್ತಿ ಬಂದಾಗ ವಿಷಯ ಗೊತ್ತಾಯಿತು, ಹುಳಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಅತ್ತೆ ನನ್ನ ಪಕ್ಕದಲ್ಲೇ ಕೂತು, ತಣ್ಣಗೆ ಉಂಡು ಎದ್ದರು. ಅವರಿಗೆ ಗೊತ್ತಾಗಿದೆ, ನಾಚಿಕೆಯಿಂದ ಸುಮ್ಮನಿದ್ದಾರೆ ಎಂದು ನಾವೆಲ್ಲ ಗ್ರಹಿಸಿದೆವು. ಕುಂಬ್ಡಾಜೆಯಿಂದ ಬಂದ ನನ್ನ ನಾದಿನಿ ಕೈತೊಳೆಯುವಲ್ಲಿ ಪಿಸುಗುಟ್ಟಿದಳು: “ಅತ್ತಿಗೆ, ಅಮ್ಮನ ಹತ್ತಿರ ಯಾರೂ ಹೇಳುವುದು ಬೇಡ ಆಯ್ತಾ. ಪಾಪ, ಬೇಸರ ಮಾಡಿಕೊಂಡಾರು.” ಆಯ್ತು ಎಂದೆ.

ಆಮೇಲೆ ಒಂದರ ಹಿಂದೆ ಒಂದು. ಜನವರಿಯಲ್ಲಿ ನನ್ನ ಗಂಡ ಸರ್ವಿಸ್ ರೋಡಿನ ಜಲ್ಲಿಯ ಮೇಲೆ ಸ್ಕೂಟರ್ ಜಾರಿಸಿ ಕಾಲು ಮುರಿದುಕೊಂಡರು. ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಮನೆಯಲ್ಲಿ ಕೂತ ಮಾಸ್ಟ್ರು ಮನೆಯನ್ನೇ ಕ್ಲಾಸು ಮಾಡಿದರು. ಗುಡಿಸುವವರಿಗೆ ಗುಡಿಸಲು ಕಲಿಸಿದರು. ಅವರಿಗೆ ಪ್ಲಾಸ್ಟರ್ ತೆಗೆದ ದಿನ ನನಗೆ ಬಿಡುಗಡೆಯಾಯಿತು. ಅದು ಮುಗಿಯಿತು ಎನ್ನುವಾಗ ಮೇ ತಿಂಗಳಲ್ಲಿ ಪ್ಲಸ್ ಟು ರಿಸಲ್ಟ್ ಬಂತು, ಮಗಳು ಅಕೌಂಟೆನ್ಸಿಯಲ್ಲಿ ಫೇಲು. ಅವಳು ಕೋಣೆಯ ಬಾಗಿಲು ಹಾಕಿಕೊಂಡು ಕೂತಳು. ನಾನು ಬಾಗಿಲ ಹೊರಗೆ ನಿಂತು ಬೊಬ್ಬೆ ಹಾಕಿದೆ.

ಅತ್ತೆ ಬೊಬ್ಬೆ ಹಾಕಲಿಲ್ಲ. ಅಡಿಗೆಮನೆಯಿಂದ ಕರೆದರು: “ಕೂಸೇ, ಬಾ ಇಲ್ಲಿ. ಹೇಳು ನೋಡುವ, ಸಾರಿಗೆ ಇಂಗು ಹಾಕಿದ್ದೇನಾ ಇಲ್ಲವಾ?” ಮಗಳು ಮುಖ ಊದಿಸಿಕೊಂಡೇ ಬಂದು, ಮೂಸಿ, ಇಲ್ಲ ಎಂದಳು. “ಸರಿ” ಎಂದು ಅತ್ತೆ ಇಂಗು ಹಾಕಿದರು. ಮರುದಿನ ಮತ್ತೆ ಕರೆದರು. ಕೊತ್ತಂಬರಿ ಹುರಿದದ್ದು ಸಾಕಾ? ತುಪ್ಪ ಕಾದಿತಾ? ಉಪ್ಪು ಬಿದ್ದಿದೆಯಾ? ಪರೀಕ್ಷೆಯಲ್ಲಿ ಸೋತ ಹುಡುಗಿ ಈ ಪರೀಕ್ಷೆಗಳಲ್ಲಿ ಗೆದ್ದು ಗೆದ್ದು ನಿಧಾನಕ್ಕೆ ನಗುವವಳಾದಳು, ಊಟಕ್ಕೆ ಬರುವವಳಾದಳು. ಅಬ್ಬಾ, ಅತ್ತೆಯ ಉಪಾಯವೇ ಎಂದು ನನಗೆ ಅವರ ಮೇಲೆ ಪ್ರೀತಿ ಉಕ್ಕಿತು.

ಉಪಾಯವೂ ಹೌದು, ಅದಕ್ಕಿಂತ ಹೆಚ್ಚಿನದೂ ಹೌದು ಎಂದು ಗೊತ್ತಾದದ್ದು ಹಲಸಿನಹಣ್ಣಿನಿಂದ. ಪಕ್ಕದ ಮನೆಯ ಬ್ಯಾರಿ ಹೆಂಗಸು ಒಂದು ಬಕ್ಕೆ ಹಲಸು ಕೊಟ್ಟಿದ್ದರು. ಅದನ್ನು ಅಡಿಗೆಮನೆಯ ಮೂಲೆಯಲ್ಲಿ ಗೋಣಿ ಮುಚ್ಚಿ ಇಟ್ಟಿದ್ದೆ. ನಾನು ಕೆಲಸ ಮುಗಿಸಿ ಗೇಟು ತೆಗೆಯುವಾಗಲೇ ಅದರ ಪರಿಮಳ ಮೂಗಿಗೆ ಬಡಿಯಿತು, ನೊಣಗಳು ಜಾತ್ರೆ ಸೇರಿದ್ದವು. ಅತ್ತೆ ಅದರ ಪಕ್ಕದಲ್ಲೇ ಕೂತು ಬೀನ್ಸ್ ಹೆಚ್ಚುತ್ತಿದ್ದರು. “ಆ ಹಲಸು ಹಣ್ಣಾಯಿತಾ ಎಂತ? ಒಮ್ಮೆ ಬಾರಿಸಿ ನೋಡು” ಎಂದರು.

“ತಮಾಷೆ ಮಾಡ್ತೀರಾ ಅತ್ತೆ? ಗೇಟಿನವರೆಗೆ ಪರಿಮಳ ಉಂಟು!”

“ಹೌದಾ” ಎಂದರು. ಬಹಳ ಸಣ್ಣ ಹೌದಾ. ಕತ್ತಿ ನಿಂತಿತ್ತು.

ನನಗೆ ಏನೋ ಹೊಳೆದು ದೇವರ ಕೋಣೆಯಿಂದ ಕರ್ಪೂರದ ಡಬ್ಬಿ ತಂದೆ. ಕಣ್ಣು ಮುಚ್ಚಿ ಎಂದು ಮೂಗಿನ ಹತ್ತಿರ ಹಿಡಿದೆ. ಅವರು ಉಸಿರೆಳೆದು, ಸ್ವಲ್ಪ ಹೊತ್ತು ಯೋಚಿಸಿ, “ಏಲಕ್ಕಿಯಾ?” ಎಂದರು. ಜ್ವರದ ಮೇಲೆ ಹೀಗಂತೆ. ನಾಲಗೆಗೂ ಬಿಸಿಯೋ ತಣ್ಣಗೋ ಎಂಬುದಷ್ಟೇ ಗೊತ್ತಾಗುವುದಂತೆ. ಹೇಳಿದರೆ ಅಡಿಗೆಮನೆ ತಪ್ಪೀತು ಎಂದು ಹೇಳದೆ, ಕೈಯಳತೆಯ ಮೇಲೆಯೇ ದಿನದ ಅಡಿಗೆ ಸಾಗಿಸಿದರಂತೆ.

ನನಗೆ ಅಳು ಬರಬೇಕಿತ್ತು. ನನಗೆ ಬರುವುದು ಕೋಪ. “ಇಷ್ಟು ತಿಂಗಳಿಂದ ಬಾಯಿ ಮುಚ್ಚಿ ಕೂತಿರಾ? ಹಾಗಾದರೆ ತಿಥಿಯ ಹುಳಿಗೆ ಎರಡು ಸಲ ಉಪ್ಪು ಬಿದ್ದದ್ದು ಇದಕ್ಕೇ!”

ಮಾತು ಹೊರಗೆ ಬಿದ್ದ ಮೇಲೆ ನಾಲಗೆ ಕಚ್ಚಿಕೊಂಡೆ. ಅತ್ತೆ ನನ್ನನ್ನೇ ನೋಡಿದರು. “ಉಪ್ಪಾಗಿತ್ತಾ ಅವತ್ತು? ತುಂಬಾ?” ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ನನ್ನ ಗಂಡ ಕುಂಟುತ್ತಾ ಬಂದು, “ಅಷ್ಟೇನೂ ಇಲ್ಲ ಅಮ್ಮ, ಮಜ್ಜಿಗೆ ಇತ್ತಲ್ಲ” ಎಂದು ಸಮಾಧಾನ ಮಾಡಲು ಹೊರಟು ಎಲ್ಲ ಹಾಳು ಮಾಡಿದರು.

“ನೀವೆಲ್ಲ ಮಜ್ಜಿಗೆ ಕುಡಿದಿರಿ. ಅವರಿಗೆ ಮಜ್ಜಿಗೆ ಕೊಡುವವರು ಯಾರು?” ಅತ್ತೆ ಬೀನ್ಸಿನ ತಟ್ಟೆ ಆಚೆ ದೂಡಿದರು. “ನಮ್ಮ ಒಂದು ವರ್ಷ ಅಂದರೆ ಅವರಿಗೆ ಒಂದು ದಿನ. ದಿನಕ್ಕೆ ಒಂದು ಊಟ, ಅದೂ ಬಾಯಿಗಿಡಲಿಕ್ಕೆ ಆಗದ್ದು. ಇಡೀ ದಿನ ಹಸಿದು ಕೂತಿದ್ದಾರೆ ಆ ಮನುಷ್ಯ. ಬದುಕಿದ್ದಾಗಲೂ ಹೆಸರಿಟ್ಟವರಲ್ಲ, ಈಗ ಹೇಳಿಯಾರಾ?”

“ಕಾಗೆ ಮುಟ್ಟಿತ್ತಲ್ಲ ಅಮ್ಮ.”

“ಹೈವೇ ಬದಿಯ ಕಾಗೆ ಅದು, ಪರೋಟ ತಿಂದು ಬೆಳೆದದ್ದು! ಅದಕ್ಕೆ ಎಂತ ಗೊತ್ತು?”

ನಗು ಬರುವ ಮಾತೇ, ಆದರೆ ಯಾರಿಗೂ ಬರಲಿಲ್ಲ. ಕಾಸರಗೋಡಿನ ಡಾಕ್ಟರು ನೋಡಿ, ನರಕ್ಕೆ ಪೆಟ್ಟಾಗಿದೆ, ಬಂದರೆ ಬಂತು, ಹೇಳಲಾಗುವುದಿಲ್ಲ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಕಿಟಕಿಯ ಹೊರಗೆ ನೋಡುತ್ತಾ, “ಇನ್ನು ನೀನೇ ಮಾಡು” ಎಂದರು. ಅಷ್ಟೇ. ಮರುದಿನದಿಂದ ಅಡಿಗೆಮನೆಗೆ ಕಾಲಿಡಲಿಲ್ಲ. ನೆಂಟರ ಹಾಗೆ ಜಗಲಿಯಲ್ಲಿ ಕೂತು, ಕರೆದಾಗ ಬಂದು ಉಂಡು, “ಲಾಯ್ಕ ಉಂಟು” ಎಂದು ಎದ್ದು ಹೋಗುತ್ತಿದ್ದರು. ಇಷ್ಟು ವರ್ಷ ಅವರ ಕೆಮ್ಮಿಗೆ ಉರಿದುಬಿದ್ದವಳು ನಾನು, ಈಗ ಬೇಕೆಂದೇ ಸೌಟನ್ನು ಬಾಯಿಯ ಹತ್ತಿರ ತಂದು, ಜಗಲಿಗೆ ಕಾಣುವಂತೆ ನಿಲ್ಲುತ್ತಿದ್ದೆ. ಕೆಮ್ಮು ಬರಲಿಲ್ಲ. ಆ ಒಂದು ಕೆಮ್ಮಿಗೆ ಎಷ್ಟು ಹಂಬಲಿಸಿದೆನೆಂದು ಯಾರಿಗೆ ಹೇಳಲಿ!

ಮಳೆಗಾಲದಲ್ಲಿ ಮಗಳು, ಫೇಲಾದವರಿಗೆ ಆ ವರ್ಷವೇ ಮತ್ತೆ ಇಡುವ ಸೇ ಪರೀಕ್ಷೆ ಬರೆದು ಪಾಸಾದಳು, ಡಿಗ್ರಿಗೆ ಸೀಟೂ ಸಿಕ್ಕಿತು. ಪಾಯಸ ಮಾಡಿದೆವು. ಅತ್ತೆ ಕುಡಿದು ಲಾಯ್ಕ ಉಂಟು ಎಂದರು. ನಾನು ಸಕ್ಕರೆ ಹಾಕಲು ಮರೆತಿದ್ದೆ.

ಕಾರ್ತಿಕ ಹತ್ತಿರ ಬಂತು. ನಾದಿನಿ ಫೋನು ಮಾಡಿ, ಈ ಸಲ ಅಡಿಗೆಯವರನ್ನು ಕರೆಸುವ, ಯಾರಿಗೂ ತಲೆಬಿಸಿ ಬೇಡ ಎಂದಳು. ಅತ್ತೆ, “ಹಾಗೇ ಮಾಡಿ. ಈ ಸಲವಾದರೂ ಅವರು ಉಣ್ಣಲಿ” ಎಂದರು. ಅಂದು ಸಂಜೆ ಜಗಲಿಯಲ್ಲಿ ಅವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದುದನ್ನು ಕಂಡವಳು ಮಗಳು. ಕಾಲೇಜಿನ ಬ್ಯಾಗು ಹೆಗಲಲ್ಲೇ ಇತ್ತು.

“ಅಜ್ಜಿ, ಅಡಿಗೆಯವರು ಎಂತಕ್ಕೆ? ಉಪ್ಪು ಬಿದ್ದದ್ದು ನನಗೆ ಗೊತ್ತಾಗ್ತದೆ.”

“ಹೇಗೆ?”

“ನೀವೇ ಕಲಿಸಿದ್ದಲ್ಲವಾ? ಕುದಿಯುವಾಗ ಪರಿಮಳ ಬೇರೆ ಆಗ್ತದೆ.”

ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ. ಅತ್ತೆ ಎದ್ದರು. ಎಷ್ಟೋ ದಿನಗಳ ಮೇಲೆ ಅಡಿಗೆಮನೆಗೆ ಬಂದರು. ಒಲೆಯ ಮೇಲೆ ಎರಡು ಪಾತ್ರೆಯಲ್ಲಿ ಹುಳಿ ಕುದಿಸಿ, ಒಂದಕ್ಕೆ ಮಾತ್ರ ಉಪ್ಪು ಹಾಕಲು ನನಗೆ ಹೇಳಿದರು. ಮಗಳನ್ನು ಆಚೆ ಕಳಿಸಿ, ಆಮೇಲೆ ಹೊಸ್ತಿಲಿಗೆ ಕರೆದು ಕೇಳಿದರು. ಸರಿ ಹೇಳಿದಳು. ಪಾತ್ರೆ ಬದಲಿಸಿ ಮತ್ತೆ ಕೇಳಿದರು, ಮತ್ತೆ ಸರಿ. ಒಮ್ಮೆ ತಪ್ಪಿದಳು. “ಅಡ್ಡಿಯಿಲ್ಲ, ಆ ಪ್ರಾಯದಲ್ಲಿ ನನಗೂ ತಪ್ಪುತ್ತಿತ್ತು” ಎಂದರು ಅತ್ತೆ. ದೇವರ ಹೂವನ್ನೇ ಮೂಸಬಾರದಂತೆ, ಇದನ್ನು ಮೂಸಿದರೆ ಎಂಜಲಾಗುವುದಿಲ್ಲವಾ ಎಂದು ನಾನು ಚುಚ್ಚಿದೆ. “ಅವಳು ಹೊಸ್ತಿಲಾಚೆ ನಿಂತಿದ್ದಾಳೆ. ಗಾಳಿ ಅತ್ತ ಹೋದರೆ ನಾನು ಎಂತ ಮಾಡಲಿ?” ಎಂದರು. ಅವರಿಗೆ ಬೇಕಾದಾಗ ಶಾಸ್ತ್ರ ಎಷ್ಟು ಬೇಕಾದರೂ ಬಗ್ಗುತ್ತದೆ.

ಈ ವರ್ಷದ ತಿಥಿಯ ದಿನ ಮಗಳು ಬೆಳಗ್ಗೆಯೇ ಮಿಂದು, ಕೂದಲು ಕಟ್ಟಿ ಹೊಸ್ತಿಲಲ್ಲಿ ನಿಂತಳು. ಅತ್ತೆ ಒಲೆಯ ಮುಂದೆ, ನಾನು ಎಂದಿನಂತೆ ತುರಿಮಣೆಯ ಮೇಲೆ. “ಒಳ್ಳೆಮೆಣಸು ಹುರಿದದ್ದು ಸಾಕಾ?” “ಇನ್ನು ಸ್ವಲ್ಪ ಅಜ್ಜಿ.” “ಉಪ್ಪು?” “ಬಿದ್ದಿದೆ ಅಜ್ಜಿ, ಇನ್ನು ಮುಟ್ಟಬೇಡಿ.” ಹೀಗೆ ಅಡಿಗೆ ಆಯಿತು. ಬಡಿಸುವಾಗ ಅತ್ತೆ ಬಾಗಿಲ ಹಿಂದೆ ಗೋಡೆ ಹಿಡಿದು ನಿಂತು, ಯಾರು ಎಷ್ಟು ಸಲ ಮಜ್ಜಿಗೆ ಕೇಳುತ್ತಾರೆಂದು ಕಿವಿಗೊಟ್ಟರು. ಊಟದ ಕೊನೆಗೆ ಪುರೋಹಿತರು ಎಂದಿನಂತೆ ಮಜ್ಜಿಗೆ ಎಂದಾಗಲೂ ಅತ್ತೆ ಬಿಳಿಚಿಕೊಂಡರು. ಯಾರೂ ಏನೂ ಹೇಳಲಿಲ್ಲ. ಹೇಳುವ ಹಾಗಿಲ್ಲವಲ್ಲ.

ಕೊನೆಗೆ ನಾವು ಹೆಂಗಸರು ಕೂತೆವು. ಅತ್ತೆ ಎಲೆಯ ಮುಂದೆ ಕೂತರೇ ಹೊರತು ಅನ್ನ ಮುಟ್ಟಲಿಲ್ಲ. ನಾದಿನಿ, “ಅಮ್ಮ, ಎಲ್ಲ ಸರಿ ಉಂಟು, ಉಣ್ಣಿ” ಎಂದಳು. ಅತ್ತೆ ಅವಳ ಕಡೆ ನೋಡಲೂ ಇಲ್ಲ. ನನ್ನ ಕಡೆ ತಿರುಗಿದರು.

“ನೀನು ಹೇಳು. ಇವರೆಲ್ಲ ನನಗೆ ಬೇಸರ ಆಗಬಾರದು ಅಂತ ಹೇಳುವವರು. ನಿನಗೆ ಅದೆಲ್ಲ ಇಲ್ಲ.”

ಹೊಗಳಿದರೋ ಬೈದರೋ ತಿಳಿಯಲಿಲ್ಲ. ಹುಳಿ ಕಲಸಿ ಒಂದು ತುತ್ತು ಉಂಡೆ. ಇನ್ನೊಂದು ಉಂಡೆ. ಈ ದಿನ ಬಾಯಿ ಬಿಡಬಾರದು, ನನಗೆ ಗೊತ್ತಿತ್ತು.

“ಉಪ್ಪು ಒಂದು ಚೂರು ಕಡಿಮೆ ಅತ್ತೆ.”

“ಅಮ್ಮ!” ಎಂದು ಮಗಳು ಕಣ್ಣು ಕೆಕ್ಕರಿಸಿದಳು. ನಾದಿನಿ ನನ್ನ ತೊಡೆ ಚಿವುಟಿದಳು. ಅತ್ತೆ ಮಾತ್ರ ತಡೆದ ಉಸಿರು ಬಿಟ್ಟು, ಮುಖ ಅರಳಿಸಿ ನನ್ನನ್ನೇ ನೋಡಿದರು.

“ಕಡಿಮೆಯಾ? ನಿಜವಾಗಿ?”

“ನಿಜವಾಗಿ.”

“ಹಾಗಾದರೆ ಉಂಡಿದ್ದಾರೆ” ಎಂದರು. “ಕೊನೆಕೊನೆಗೆ ಅವರಿಗೆ ಪ್ರೆಷರ್ ಅಲ್ಲವಾ, ಡಾಕ್ಟ್ರು ಉಪ್ಪು ಕಡಿಮೆ ಮಾಡಲಿಕ್ಕೆ ಹೇಳಿದ್ದರು.” ಆಮೇಲೆ ಎಲೆಯನ್ನು ಹತ್ತಿರ ಎಳೆದುಕೊಂಡು, ಅನ್ನಕ್ಕೆ ಹುಳಿ ಕಲಸಿ, ರುಚಿಯೇ ಗೊತ್ತಾಗದ ಆ ಊಟವನ್ನು ಹೊಟ್ಟೆತುಂಬ ಉಂಡರು.