ನಳಿನಿಗಾಗಿ ಬಿಟ್ಟ ಕಾಡುಮಾವು

ನನ್ನ ಮಾವ ಮೇದಪ್ಪ ಗೌಡರು ಓದುವ ಚಂದವನ್ನು ನೀವು ನೋಡಬೇಕಿತ್ತು. ವಾರಪತ್ರಿಕೆಯ ಮುಖಪುಟದ ಬೆಲೆಯಿಂದ ಶುರು ಮಾಡಿದರೆ ಕೊನೆಯ ಪುಟದ ಅಡಿಯಲ್ಲಿರುವ ಮುದ್ರಕರ ಹೆಸರಿನವರೆಗೆ ಒಂದಕ್ಷರ ಬಿಡುವವರಲ್ಲ. ಕಥೆಯ ನಡುವೆ ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು ಬಂದರೆ ಅದನ್ನೂ ಅದೇ ರಾಗದಲ್ಲಿ ಓದುವರು. ಕಥಾನಾಯಕಿ ಕಣ್ಣೀರು ಹಾಕುತ್ತಿರುವಾಗಲೇ "ಇಂದೇ ಒಂದು ಸೀಸೆ ಕೊಂಡು ನೋಡಿರಿ" ಎಂದು ಬಂದರೆ ನಗು ತಡೆಯುವುದು ಹೇಗೆ? ಅದೊಂದು ಬಿಡಬಾರದೇ ಎಂದರೆ, "ದುಡ್ಡು ಕೊಟ್ಟು ತಂದದ್ದಲ್ವಾ, ಬಿಡುದು ಎಂತಕ್ಕೆ?" ಎನ್ನುವರು.

ನಾನು ಏಳನೇ ಕ್ಲಾಸು ಪಾಸಾದವಳು. ಓದಲು ನನಗೂ ಬರುತ್ತಿತ್ತು, ಅವರಿಗಿಂತ ಬೇಗ. ಆದರೆ ಆ ಮನೆಯಲ್ಲಿ ಪತ್ರಿಕೆಯ ಮಡಿಕೆ ಬಿಚ್ಚುವ ಅಧಿಕಾರ ಮಾವನಿಗೆ ಮಾತ್ರ. ಸುಳ್ಯದ ಬದಿಯ ನಮ್ಮ ಹಳ್ಳಿಗೆ ಅದು ಪುತ್ತೂರಿನಿಂದ ಬಸ್ಸಿನಲ್ಲಿ ಬಂದು ಅಬೂಬಕರನ ಅಂಗಡಿಯಲ್ಲಿ ಇಳಿಯುತ್ತಿತ್ತು. ಮಾವ ಅದನ್ನು ತಂದು, ಕೈಕಾಲು ತೊಳೆದು ಚಾವಡಿಯಲ್ಲಿ ಕೂತರೆಂದರೆ ಅತ್ತೆ ದುಗ್ಗಮ್ಮ ಅಂಗಳದಿಂದಲೇ ಕೂಗುವರು, "ಸ್ವಲ್ಪ ನಿಲ್ಲಿ, ಇದೊಂದು ಚಾಪೆ ಹಪ್ಪಳ ಹರಡಿ ಬಂದೆ."

ಇದು ಐವತ್ತೆಂಟನೇ ಇಸವಿಯ ಬೇಸಿಗೆಯ ಮಾತು. ನಾನು ಮದುವೆಯಾಗಿ ಬಂದು ಎರಡನೇ ವರ್ಷ. ಹಲಸಿನ ಸೊಳೆ ಬೇಯಿಸಿ ಗುದ್ದಿ, ಉಂಡೆ ಕಟ್ಟಿ, ಎಣ್ಣೆ ಸವರಿದ ಬಾಳೆಲೆಯ ನಡುವೆ ಇಟ್ಟು ಮಣೆಯಲ್ಲಿ ಒತ್ತಿದರೆ ಹಪ್ಪಳ. ಒತ್ತುವವಳು ನಾನು, ಹರಡುವವರು ಅತ್ತೆ, ಕಾಗೆ ಓಡಿಸುವುದು ನನ್ನ ಗಂಡ ಚೆನ್ನಕೇಶವರ ಕೆಲಸ. ಕಾಗೆಗಿಂತ ಇವನೇ ಹೆಚ್ಚು ಹಿಟ್ಟು ತಿನ್ನುತ್ತಾನೆಂದು ಅತ್ತೆಯ ದೂರು. ದೂರು ಸುಳ್ಳಲ್ಲ.

ಅತ್ತೆಗೆ ಹಿತ್ತಿಲಿನ ಕಾಡುಮಾವೆಂದರೆ ಪ್ರಾಣ. ಹಣ್ಣು ಹಿಂಡಿ, ಬೆಲ್ಲ ಮತ್ತು ಹಸಿಮೆಣಸು ಹಾಕಿದ ಗೊಜ್ಜಿದ್ದರೆ ಆ ದಿನ ಅವರಿಗೆ ಒಂದು ಸೌಟು ಅನ್ನ ಹೆಚ್ಚು. ಗೊರಟು ಚೀಪುತ್ತಾ ಕೂತರೆ ಯಾರು ಕರೆದರೂ ಕಿವಿಗೆ ಬೀಳದು. ಉಳಿದ ತಿಂಗಳೆಲ್ಲ ಆ ಮರದ ಕಡೆ ನೋಡುತ್ತಲೇ ಕಳೆಯುವರು.

ಆ ವರ್ಷ ಪತ್ರಿಕೆಯ ಧಾರಾವಾಹಿಯ ನಾಯಕಿ ನಳಿನಿ ಕಾಯಿಲೆ ಬಿದ್ದು ಪಟ್ಟಣದ ಆಸ್ಪತ್ರೆ ಸೇರಿದಳು. ವಾರದಿಂದ ವಾರಕ್ಕೆ ಜ್ವರ ಏರುತ್ತಾ ಹೋಯಿತು. "ಆ ಡಾಕ್ಟ್ರಿಗೆ ತಲೆ ಉಂಟೋ? ಬ್ರೆಡ್ಡು ಕೊಡುದಂತೆ. ಕುಚ್ಚಲಕ್ಕಿ ಗಂಜಿ ಕೊಡಲಿ, ಜ್ವರ ಬಿಡ್ತದಾ ಇಲ್ವಾ ನೋಡುವ" ಎಂದು ಅತ್ತೆ ರೇಗುವರು. ಅಬೂಬಕರನೂ ಪತ್ರಿಕೆ ಕೊಡುವಾಗ, "ಮೇದಪ್ಪಣ್ಣ, ಆ ಹುಡುಗಿಗೆ ಈಗ ಹೇಗುಂಟು?" ಎಂದು ವಿಚಾರಿಸುತ್ತಿದ್ದ.

ಕೊನೆಗೊಂದು ವಾರ ಡಾಕ್ಟರರು ಕೈಚೆಲ್ಲಿದರು. ಅತ್ತೆ ಎದ್ದು, ಹಿಟ್ಟಿನ ಕೈ ತೊಳೆದು, ಸುಬ್ರಹ್ಮಣ್ಯದ ದಿಕ್ಕಿಗೆ ಕೈಮುಗಿದು ಹೇಳಿಯೇಬಿಟ್ಟರು: "ದೇವರೇ, ಅವಳು ಗುಣವಾಗಿ ಎದ್ದು ಕೂರುವವರೆಗೆ ನಾನು ಕಾಡುಮಾವು ಬಾಯಿಗೆ ಇಡುದಿಲ್ಲ."

ಮಾವ ಕನ್ನಡಕ ತೆಗೆದರು. "ಅದು ಕಥೆ ಮಾರಾಯ್ತಿ."

"ಇರಲಿ. ನಾನು ಹೇಳಿದ್ದು ದೇವರ ಹತ್ತಿರ."

ಆ ಮರಕ್ಕೂ ಆ ವರ್ಷವೇ ಹಟ. ಹಣ್ಣು ಬಿದ್ದದ್ದೇ ಬಿದ್ದದ್ದು. ಅತ್ತೆ ನಮಗೆ ಗೊಜ್ಜು ಮಾಡಿ ಬಡಿಸಿ, ತಾವು ಮಜ್ಜಿಗೆ ಅನ್ನ ಉಂಡು ಏಳುವರು. ಹೊಸ ವರ್ಷದ ಬಿಸುವಿನ ಹಬ್ಬದ ದಿನವೂ ಹಾಗೆಯೇ. ರುಚಿ ನೋಡುವಂತಿಲ್ಲವಾದ್ದರಿಂದ ಒಮ್ಮೆ ಗೊಜ್ಜಿಗೆ ಉಪ್ಪು ಎರಡು ಸಲ ಬಿತ್ತು. ಮಾವ ತುಟಿಪಿಟಿಕ್ಕೆನ್ನದೆ ಉಂಡರು. ನನಗೋ ಆ ಕಥೆ ಬರೆದವನ ಮೇಲೆ ಮೈಯೆಲ್ಲ ಉರಿ. ಹುಡುಗಿಯನ್ನು ಗುಣಮಾಡಿದರೆ ಇವನ ಗಂಟೇನು ಹೋಗುತ್ತದೆ? ಅವಳು ಸತ್ತರೆ ಅತ್ತೆ ಇರುವಷ್ಟು ಕಾಲ ಆ ಹಣ್ಣು ಮುಟ್ಟುವವರಲ್ಲ. ಅವರ ಹಟ ನಮಗೆ ಗೊತ್ತಿತ್ತು.

ಕೊನೆಯ ಕಂತು ಬಂದ ದಿನ ಮಾವ ಅಂಗಡಿಯಿಂದ ಬಹಳ ನಿಧಾನವಾಗಿ ಬಂದರು. ಪತ್ರಿಕೆಯ ಮಡಿಕೆ ಆಗಲೇ ಬಿಚ್ಚಿತ್ತು. ನೀರು ಕುಡಿದು ಓದಲು ಕೂತರು. ನಳಿನಿಗೆ ಬೆವರಿ ಜ್ವರ ಬಿಟ್ಟಿತು. ಎದ್ದು ಕೂತಳು. ಗಂಜಿ ಕುಡಿದಳು, ಅದೂ ಕುಚ್ಚಲಕ್ಕಿಯದ್ದೇ. ಅಷ್ಟು ಓದಿ ಪತ್ರಿಕೆ ಮಡಚಿ ಎದ್ದೇ ಹೋದರು. ಅವರು ಹೋದ ದಿಕ್ಕನ್ನು ಅತ್ತೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬುಟ್ಟಿ ಹಿಡಿದು ಮರದ ಬುಡಕ್ಕೆ ನಡೆದರು. ಆ ಮಧ್ಯಾಹ್ನ ಅವರು ಉಂಡದ್ದು ನೋಡಿಯೇ ನನ್ನ ಹೊಟ್ಟೆ ತುಂಬಿತು.

ಆದರೂ ಪಟ್ಟಣದ ಆಸ್ಪತ್ರೆಯಲ್ಲಿ ಕುಚ್ಚಲಕ್ಕಿ ಗಂಜಿ ಎಲ್ಲಿಂದ ಬಂತು? ಊಟವಾದ ಮೇಲೆ ಪತ್ರಿಕೆಯನ್ನು ಹುಡುಕಿದೆ. ಅಟ್ಟದಲ್ಲಿ, ಅಡಿಕೆ ಗೋಣಿಯ ಹಿಂದೆ ಸಿಕ್ಕಿತು. ನಳಿನಿ ಕಂತಿನ ಮೊದಲನೆಯ ಪುಟದಲ್ಲೇ ಸತ್ತಿದ್ದಳು. ಉಳಿದದ್ದೆಲ್ಲ ಗಂಡನ ಗೋಳು. ನನಗೂ ಅಳು ಬಂತು, ಆದರೆ ಅವಳಿಗಾಗಿ ಅಲ್ಲ. ಎಣ್ಣೆಯ ಜಾಹೀರಾತನ್ನೂ ಬಿಡದ ಮನುಷ್ಯ ಹೆಂಡತಿಗಾಗಿ ಇಡೀ ಕಂತನ್ನೇ ಬಿಟ್ಟಿದ್ದರು.

ಏಣಿ ಇಳಿಯುವಾಗ ನೋಡಿದರೆ ಕೆಳಗೆ ಮಾವ.

"ಓದಿದಿಯಾ ಕಮಲ?"

"ಓದಿದೆ ಮಾವ."

"ಓದಿದ್ದು ಅಟ್ಟದಲ್ಲೇ ಇರಲಿ" ಎಂದು, ನಾನು ಇಳಿಯುವವರೆಗೆ ಏಣಿ ಹಿಡಿದುಕೊಂಡರು.

ಮಳೆ ಹಿಡಿಯುವ ಮೊದಲು ಸುಬ್ರಹ್ಮಣ್ಯಕ್ಕೆ ಹೋಗಿಬರುವ ಎಂದು ಮಾವನೇ ಹೊರಡಿಸಿದರು. ಅತ್ತೆ, ಮಾವ, ನಾನು. ದೇವರ ವಿಷಯದಲ್ಲಿ ತಪ್ಪಿ ನಡೆದರೆ ತಪ್ಪುಕಾಣಿಕೆ ಹಾಕುವುದು ನಮ್ಮಲ್ಲಿ ವಾಡಿಕೆ. ಕೈಮುಗಿದಾದ ಮೇಲೆ ಮಾವ ಹಿಂದುಳಿದು, ಕಾಣಿಕೆ ಡಬ್ಬಿಗೆ ಮೆಲ್ಲನೆ ಏನೋ ಹಾಕಿ ಕೆನ್ನೆ ತಟ್ಟಿಕೊಂಡರು. ತಿರುಗಿದರೆ ಅತ್ತೆ ಹಿಂದೆಯೇ ನಿಂತು ಸೆರಗಿನ ಗಂಟು ಬಿಚ್ಚುತ್ತಿದ್ದಾರೆ.

"ನೀನು ಎಂತಕ್ಕೆ ಹಾಕುದು?"

"ಸುಳ್ಳು ಓದಿದ್ದಕ್ಕೆ ನೀವು ಹಾಕಿದ್ರಿ. ಗೊತ್ತಿದ್ದೂ ತಿಂದದ್ದಕ್ಕೆ ನಾನು."

ಮಾವ ನನ್ನನ್ನು ದುರುಗುಟ್ಟಿ ನೋಡಿದರು.

"ಅವಳನ್ನು ಎಂತಕ್ಕೆ ನೋಡುದು? ಅವಳು ಬಾಯಿ ಬಿಡ್ಲಿಲ್ಲ" ಎಂದರು ಅತ್ತೆ. "ಎಣ್ಣೆಯದ್ದು ಓದದೆ ಎದ್ರಲ್ಲ, ಆಗಲೇ ಗೊತ್ತಾಯ್ತು ನನಗೆ, ಆ ಹುಡುಗಿ ಹೋದಳು ಅಂತ. ಪಾಪ."

"ಮತ್ತೆ ತಿಂದದ್ದು?"

"ನನಗೆ ಬೇಕಾಗಿ ಅಷ್ಟು ಕಷ್ಟದಲ್ಲಿ ಸುಳ್ಳು ಹೇಳಿದ್ರಿ. ಅದು ಹಾಳಾಗುದು ಬೇಡ ಅಂತ ತಿಂದೆ."

ಹಿಂದಿರುಗುವ ಬಸ್ಸಿನಲ್ಲಿ ಮಾವ ಕಿಟಕಿಯ ಬದಿಯನ್ನು ಅತ್ತೆಗೆ ಬಿಟ್ಟುಕೊಟ್ಟು ಪಕ್ಕದಲ್ಲಿ ಕೂತರು. ಸುಳ್ಯ ಮುಟ್ಟುವವರೆಗೂ ದಾರಿಬದಿಯ ಅಂಗಡಿಗಳ ಬೋರ್ಡುಗಳನ್ನೆಲ್ಲ ಅವರಿಗೆ ಓದಿ ಹೇಳಿದರು, ಒಂದನ್ನೂ ಬಿಡದೆ.