ಕಟ್ಟ ಒಡೆಯುವ ಮಾತು, ವಾಸಣ್ಣನ ಅರ್ಧ ಕಾಫಿ

ಇನ್ನೂ ನಂಬಲು ಆಗುತ್ತಿಲ್ಲ…
ನಮ್ಮ ವಾಸಣ್ಣ ಇಲ್ಲವಂತೆ.

ಬೆಳಿಗ್ಗೆ ಅವರ ಮಗಳ ಫೋನು.
"ಅಪ್ಪಾ ಪೋಯ್ಟಾರು ಅಂಕಲ್… ಹಾರ್ಟ್ ಅಟ್ಯಾಕ್."
ನಾನು "ಸರಿ ಸರಿ" ಎಂದು ಇಟ್ಟುಬಿಟ್ಟೆ.
ಅದಕ್ಕೆ ಯಾರಾದರೂ ಸರಿ ಅನ್ನುತ್ತಾರಾ… ಏನು ತಿಳಿದುಕೊಂಡಳೋ.

ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಬರೆಯುತ್ತಿದ್ದೇನೆ.
ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವನು, ತಪ್ಪಿದ್ದರೆ ಬೈಯಬೇಡಿ.

ಗೊತ್ತಿಲ್ಲದವರಿಗೆ…
ವಾಸಣ್ಣ ಇಲ್ಲಿ ಮದ್ರಾಸಿನ ರೈಲ್ವೆಯಲ್ಲಿ ಸೇತುವೆಗಳ ಡ್ರಾಯಿಂಗ್ ಮಾಡಿ ರಿಟೈರ್ ಆದವರು.
ದಿನಾ ಅಣ್ಣಾ ನಗರದಿಂದ ಬಸ್ಸು ಹಿಡಿದು ಎಗ್ಮೋರಿಗೆ, ನಾನು ಸಪ್ಲೈಯರ್ ಆಗಿರುವ ಹೋಟೆಲಿಗೆ, ಕಾಫಿಗೆ ಬರುತ್ತಿದ್ದರು.
ಅವರಿಗೆ ಒಂದೇ ಹುಚ್ಚು.
ಊರ ಹೊರಗೆ ನದಿಗೆ ಅಡ್ಡ ನಿಂತಿರುವ ಹಳೇ ಅಣೆಕಟ್ಟು ಒಡೆಸಬೇಕು.

"ಬಾಗಿಲೆಲ್ಲ ತುಕ್ಕು ಕಣಯ್ಯ. ಒಳಗಿರೋದು ನೀರಲ್ಲ, ಹೂಳು. ನದಿ ಹರಿದು ಎಷ್ಟು ವರ್ಷ ಆಯ್ತು."

ನನಗೆ ತಲೆ ಕೆಡುತ್ತಿತ್ತು.
ಲಾರಿ ನೀರಿಗೆ ಕೊಡ ಇಟ್ಟು ಕ್ಯೂ ನಿಲ್ಲುವ ಊರು ಇದು… ಕಟ್ಟಿದ್ದನ್ನು ಒಡೆಯುವುದಾ?

ಒಂದು ದಿನ ಬಾಯಿ ತಪ್ಪಿ ಹೇಳಿದೆ.
ನಮ್ಮ ಕುಂದಾಪುರ ಕಡೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡ ಮಣ್ಣಿನ ಕಟ್ಟ ಹಾಕುತ್ತೇವೆ, ಮಳೆಗಾಲಕ್ಕೆ ಮುಂಚೆ ನಾವೇ ಒಡೆಯುತ್ತೇವೆ, ಮೊದಲ ಹಾರೆ ಅಪ್ಪನದೇ, ಎಂದು.

ವಾಸಣ್ಣ ಲೋಟ ಕೆಳಗಿಟ್ಟರು.
"ಸೋಮವಾರ ಆ ಅಣೆಕಟ್ಟಿನ ಬಗ್ಗೆ ಆಫೀಸರುಗಳ ಮೀಟಿಂಗಿದೆ. ಇದನ್ನು ನೀನೇ ಬಂದು ಹೇಳು."
"ಕನ್ನಡದವ ಮದ್ರಾಸಲ್ಲಿ ಡ್ಯಾಮ್ ಬಗ್ಗೆ ಮಾತಾಡುದಾ? ಹೊಡಿತ್ರ್ ಮಾರಾಯ್ರೆ."
"ಒಡೀರಿ ಅನ್ನೋ ಕನ್ನಡದವನನ್ನ ಯಾರಯ್ಯ ಹೊಡೀತಾರೆ?"

ನಕ್ಕು ಆಯ್ತು ಎಂದೆ…
ಆಮೇಲೆ ಭಯ ಶುರುವಾಯಿತು. ನಿನ್ನೆ ಅವರು ಬಂದಾಗ ಅಡುಗೆಮನೆಯಲ್ಲಿ ಅಡಗಿ ನಿಂತೆ. ಕಾಫಿ ಬೇರೆಯವನು ಕೊಟ್ಟ.

ವಾಸಣ್ಣ… ನಾನು ಒಳಗಿದ್ದದ್ದು ನಿಮಗೆ ಗೊತ್ತಾಯಿತಾ?
ಅರ್ಧ ಕಾಫಿ ಬಿಟ್ಟು ಎದ್ದಿರಂತೆ…
ಬಿಸಿ ಸಾಲಲಿಲ್ಲವೋ, ಎದೆ ನೋಯುತ್ತಿತ್ತೋ, ನನ್ನ ಮೇಲೆ ಬೇಜಾರೋ…
ಈಗ ಯಾರನ್ನು ಕೇಳಲಿ.

ನಾಳೆಯೇ ಸೋಮವಾರ.
ಮೀಟಿಂಗಿಗೆ ಗಿಂಡಿ ಸ್ಟೇಷನ್ನಿನಲ್ಲಿ ಇಳಿ ಎಂದಿದ್ದಿರಿ. ಇಳಿದು ಎತ್ತ ಹೋಗಲಿ?
ಕಟ್ಟಕ್ಕೆ ತಮಿಳಿನಲ್ಲಿ ಏನನ್ನಲಿ?
ನದಿ ಪಕ್ಕದವರು, ನಮ್ಮ ಬಾವಿ ಬತ್ತಿದರೆ ನೀರು ನೀನು ಕೊಡುತ್ತೀಯಾ ಎಂದರೆ?

ಒಡೆಯುವುದು ಸರಿಯೋ ತಪ್ಪೋ ನನಗೆ ಈಗಲೂ ಗೊತ್ತಿಲ್ಲ ವಾಸಣ್ಣ.
ಅಪ್ಪ ಹಾರೆ ಹಾಕಿದ ಮೇಲೆ ನೀರು ಹೊರಟ ಸದ್ದು ಮಾತ್ರ ಗೊತ್ತು.
ಅಷ್ಟನ್ನೇ ಹೇಳಿ ಬರುತ್ತೇನೆ…
ರಜೆ ಕೇಳಿದ್ದೇನೆ.

ಹೋಗಿ ಬನ್ನಿ…
ನಿಮ್ಮ ಜೀವಕ್ಕೆ ಎಲ್ಲೂ ಅಡ್ಡಿಯಿಲ್ಲದ ನೆಮ್ಮದಿ ಸಿಗಲಿ.